ರೈಟ್

ಮೂವತ್ತೊಂದು ವರ್ಷ ಹೊಸನಗರದ ಲೈನಿನಲ್ಲಿ
ನಾನು ಕೂಗಿದ ಮಾತು ಒಂದೇ: ರೈಟ್.
ರೈಟ್ ಅಂದರೆ ಬಲಕ್ಕೆ ಅಂತಲ್ಲ, ಸರಿ ಅಂತಲೂ ಅಲ್ಲ,
ರೈಟ್ ಅಂದರೆ ಹೊರಡು.
ಬಾಗಿಲ ತಗಡಿಗೆ ಎರಡು ಬಡಿತ.
ಗುತ್ಯಪ್ಪ ಗೇರು ಹಾಕುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ.

ಈಗ ನನ್ನದೇ ಒಂದು ಮಾರುತಿ, ತೊಂಬತ್ತಾರರ ಮಾಡೆಲ್ಲು,
ಹಿಂದಿನ ಸೀಟು ಬಿಚ್ಚಿ ದೋಸೆ ಹಿಟ್ಟಿನ ಕ್ಯಾನು ಜೋಡಿಸಿದ್ದೇನೆ.
ಎಡಕ್ಕೆ ಹಾಕಿದರೆ ಟಿಕ್ ಟಿಕ್,
ಹಲ್ಲಿ ಶಕುನ ನುಡಿದ ಹಾಗೆ.
ಬಲಕ್ಕೆ ಹಾಕಿದರೆ
ಏನೂ ಇಲ್ಲ.

ಒಂದು ವಾರ ಆಲ್ಕೊಳ ಸರ್ಕಲ್ಲಿನಲ್ಲಿ
ಕೈ ಹೊರಗೆ ಚಾಚಿ, ಬಾಗಿಲು ಬಡಿದು
ಹೋಲ್ಡಾನ್ ಹೋಲ್ಡಾನ್ ಎಂದು ಕೂಗುತ್ತ ತಿರುಗಿದೆ.
ಬೈಕಿನ ಹುಡುಗನೊಬ್ಬ ನನ್ನ ತಾಯಿಯನ್ನು ನೆನೆದು ಹೋದ.

ಮೊದಲು ಬಲ್ಬು ಬದಲಿಸಿದೆ. ಆಮೇಲೆ ಫ್ಲ್ಯಾಷರು.
ಆಮೇಲೆ ಫ್ಯೂಸು, ಅದು ಚೆನ್ನಾಗಿಯೇ ಇತ್ತು, ಪಾಪ.
ಒಟ್ಟು ಮುನ್ನೂರ ಹತ್ತು ರೂಪಾಯಿ;
ಚಿಲ್ಲರೆ ಲೆಕ್ಕ ಮರೆಯುವವನಲ್ಲ ನಾನು.

ಆಟೋ ಕಾಂಪ್ಲೆಕ್ಸಿನ ಮುಬೀನಾ ನಕ್ಕುಬಿಟ್ಟಳು.
"ಜ್ವರ ಯಾರಿಗೆ ಅಂತ ಕೇಳದೆ
ಮನೆಮಂದಿಗೆಲ್ಲ ಮಾತ್ರೆ ನುಂಗಿಸಿದ್ದೀರಲ್ಲ ಅಂಕಲ್."
ಡ್ಯಾಶ್‌ಬೋರ್ಡಿನ ಕೆಂಪು ತ್ರಿಕೋನ ಒತ್ತಿದಳು.
ಗಾಡಿಯ ನಾಲ್ಕು ಮೂಲೆಯೂ ಒಟ್ಟಿಗೆ ಮಿಣುಕಿದವು.
"ಬಲ್ಬು ಬದುಕಿದೆ, ವೈರೂ ಬದುಕಿದೆ.
ನೀವು ಹೇಳಿದ್ದು ಅಲ್ಲಿಗೆ ಮುಟ್ಟುತ್ತಿಲ್ಲ, ಅಷ್ಟೇ."

ಬ್ಯಾಟರಿಯ ಟರ್ಮಿನಲ್ ಕಳಚಿದಳು, ಹಾರ್ನಿನ ಮುಚ್ಚಳ ಎಬ್ಬಿಸಿದಳು,
ನಟ್ಟಿನ ಪಕ್ಕ ನೇಲ್ ಪಾಲಿಶಿನಲ್ಲಿ ಒಂದು ಗುರುತು,
ಎರಡು ಮಂಡಿ ಒತ್ತುಕೊಟ್ಟು ಎಳೆದಳು,
"ಹಿಡ್ಕೊಳ್ಳಿ" ಎಂದು ಸ್ಟೇರಿಂಗನ್ನು ನನ್ನ ಕೈಗಿಟ್ಟಳು.
ಅಷ್ಟು ವರ್ಷ ನಾನು ಮುಟ್ಟದೆ ದೂರ ನಿಂತಿದ್ದ ಚಕ್ರ
ನನ್ನ ಮಡಿಲಲ್ಲಿ, ಯಾವ ಊರಿನ ಕಡೆಗೂ ಅಲ್ಲದೆ.

ಪೇಪರಿನ ಮೇಲೆ ಸ್ವಿಚ್ಚು ಬಿಚ್ಚಿತು:
ಒಂದು ಸ್ಪ್ರಿಂಗು, ಸಾಸಿವೆಯಷ್ಟು ಗುಂಡು,
ಒಣಗಿ ಹಸಿರುಗಟ್ಟಿದ ಗ್ರೀಸು, ಹಿತ್ತಾಳೆಯ ಎರಡು ನಾಲಗೆ.
ಎಡದ್ದು ಇನ್ನೂ ಹೊಳೆಯುತ್ತಿತ್ತು.
ಬಲದ್ದು ಕರಟಿ, ಸವೆದು,
ಹಳೆಯ ನಾಲ್ಕಾಣೆಯ ಮುಖದಂತಿತ್ತು.

"ಇಷ್ಟೊಂದು ಬಲಕ್ಕೆ ಎಲ್ಲಿಗೆ ಹೋಗ್ತೀರಿ?"
ನಾನು ಕೊಂಡು ಹದಿನಾಲ್ಕು ತಿಂಗಳಷ್ಟೇ, ಇದು ನನ್ನ ಸವೆತವಲ್ಲ.
ಮುಂಚೆ ಇದ್ದವನು ರಿಪ್ಪನ್‌ಪೇಟೆಯ ದನದ ಆಸ್ಪತ್ರೆ ಕಾಂಪೌಂಡರ್,
ಆರ್‌ಸಿ ಪುಸ್ತಕದ ಒಂದು ಹೆಸರು, ಕೆ. ಎಚ್. ತೇಜಪ್ಪ.
ದಿನಾ ಡೇರಿಗೋ, ಮಗಳನ್ನು ಬಿಡಲು ಶಾಲೆಗೋ,
ಇಲ್ಲಾ ನಾನು ಕೇಳಬಾರದ ಯಾವ ಬಾಗಿಲಿಗೋ.
ಹಿತ್ತಾಳೆ ಅಷ್ಟು ಮಾತ್ರ ಹೇಳುತ್ತದೆ:
ಬಲಕ್ಕೆ, ಬಲಕ್ಕೆ, ಬಲಕ್ಕೆ.
ಎಲ್ಲಿಗೆ ಅನ್ನುವುದಿಲ್ಲ.
ಟಿಕೆಟ್ಟಾದರೂ ಸ್ಟೇಜಿನ ಹೆಸರು ಹೇಳುತ್ತಿತ್ತು.

ಹೊಸದು ಈಗ ಬರುತ್ತಿಲ್ಲವಂತೆ.
ಗುಜರಿಯಲ್ಲಿ ಮೂತಿ ಜಜ್ಜಿದ ಬಿಳಿ ಗಾಡಿಯೊಂದರಿಂದ ಕಿತ್ತು ತಂದಳು,
ಆರುನೂರು ಅಂದಿದ್ದು ನಾನೂರೈವತ್ತಕ್ಕೆ ಇಳಿಯಿತು.
"ಇದರ ಒಳಗಿನ ಹಲ್ಲು ಮುರಿದಿದೆ ಅಂಕಲ್,
ತಿರುಗಿದ ಮೇಲೆ ತಾನಾಗಿ ವಾಪಸು ಬರಲ್ಲ.
ನೀವೇ ತರಬೇಕು."

ಎಲ್ಲ ಕೂಡಿಸಿ, ಗುರುತಿಗೆ ಗುರುತು ಸೇರಿಸಿ,
ಎಂಜಿನ್ ಹಾಕಿಸಿ, ಹಿಂದೆ ಹೋಗಿ ನಿಂತಳು.
"ಲೆಫ್ಟ್!" ಹಾಕಿದೆ. "ಬಂತು."
ಆಮೇಲೆ ಡಿಕ್ಕಿಗೆ ಎರಡು ಬಡಿತ,
"ರೈಟ್!"

ನನ್ನ ಕಾಲಿಗೆ ಏನಾಯಿತೋ.
ಕ್ಲಚ್ಚು ಬಿಟ್ಟು ಹತ್ತು ಮಾರು ಹೋಗಿಬಿಟ್ಟಿದ್ದೆ,
ಹಿಂದಿನಿಂದ ಕೂಗು,
"ಅಂಕಲ್, ಲೈಟು ಕೇಳಿದ್ದು, ಲೈಟು!"
ಪಕ್ಕದ ಪಂಕ್ಚರ್ ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ.
ಗುತ್ಯಪ್ಪನಿಗೆ ಆ ಮಾತು ಎಲ್ಲಿ ಕೇಳಿಸುತ್ತಿತ್ತೆಂದು
ಇವತ್ತು ಗೊತ್ತಾಯಿತು:
ಕಿವಿಯಲ್ಲಲ್ಲ, ಪಾದದಲ್ಲಿ.

ಸಂಜೆ ಗಾಡಿಕೊಪ್ಪದ ಹತ್ತಿರ ಬಲಕ್ಕೆ ತಿರುಗಿದೆ,
ಕೈ ಒಳಗೇ ಇತ್ತು, ಬಾಯಿ ಮುಚ್ಚಿತ್ತು.
ತಿರುಗಿ ಎರಡು ಫರ್ಲಾಂಗಾದರೂ ಟಿಕ್ ಟಿಕ್ ನಿಲ್ಲಲಿಲ್ಲ,
ತೇಜಪ್ಪನ ಓಣಿ ಇನ್ನೂ ಮುಂದೆ ಎಲ್ಲೋ ಇದೆ ಎಂಬಂತೆ.
ಹಿಂದಿನ ಲಾರಿಯವನು ಹಾರ್ನು ಒತ್ತಿದ.
ಇನ್ನೊಂದು ಸಲ ಒತ್ತಿದ.
ಆಗ ಕೈ ಹಾಕಿ
ನಾನೇ ವಾಪಸು ತಂದೆ.